ಹಿತ್ತಿಲಿಗೆ ಕತ್ತಲೆ ತಂದ ಕತೆ

ಹಣತೆ ಉರಿಯುತ್ತಿದೆಯೋ ಆರಿದೆಯೋ ಗೊತ್ತಾಗದೆ ಅಮ್ಮ ಬಗ್ಗಿ, ಬತ್ತಿಯ ಮೇಲೆ ಅಂಗೈ ಹಿಡಿದು ನೋಡಿದಳು. "ಉರೀತಿದೆ ಕಣೇ, ಆದ್ರೆ ಕಾಣ್ತಾನೇ ಇಲ್ಲ" ಅಂದಳು. ಅವತ್ತು 2022ರ ಅಕ್ಟೋಬರ್ 24, ದೀಪಾವಳಿ. ಲಂಡನ್ನಿನ ಹೊರವಲಯದ ನಮ್ಮ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಒಂಬತ್ತು ಹಣತೆ ಸಾಲಾಗಿ ಇಟ್ಟಿದ್ದೆವು. ಬೇಲಿಯಾಚೆಯ ಯಾರ್ಡಿನಿಂದ ಬೀಳುತ್ತಿದ್ದ ಬಿಳಿ ಬೆಳಕಿನಲ್ಲಿ ಒಂಬತ್ತೂ ಬರೀ ಮಣ್ಣಿನ ಬಿಲ್ಲೆಗಳ ಹಾಗೆ ಕಾಣುತ್ತಿದ್ದವು. ಫೋಟೋ ತೆಗೆದರೆ ಅದರಲ್ಲಿ ಜ್ವಾಲೆಯೇ ಇಲ್ಲ, ನಮ್ಮಿಬ್ಬರ ನೆರಳು ಮಾತ್ರ ಗೋಡೆಯ ಮೇಲೆ ಇಜ್ಜಲಿನಲ್ಲಿ ಬರೆದ ಹಾಗೆ ಬಿದ್ದಿತ್ತು.

ಅಮ್ಮ ಹಾಸನದಿಂದ ಬಂದು ಎರಡು ವಾರವಾಗಿತ್ತಷ್ಟೆ. ಆರು ತಿಂಗಳ ವಿಸಿಟರ್ ವೀಸಾ. ಹಿಂದಿನ ಬೆಡ್‌ರೂಮು ಅವಳಿಗೆ ಬಿಟ್ಟುಕೊಟ್ಟಿದ್ದೆವು. ರಾತ್ರಿಯೆಲ್ಲ ಎದ್ದೆದ್ದು ಕೂರುತ್ತಿದ್ದಳು, ಹೊಸ ಜಾಗ, ಟೈಮ್ ಬೇರೆ, ಸರಿಹೋಗುತ್ತೆ ಅಂದುಕೊಂಡಿದ್ದೆ. ಆ ಬೆಳಕು ಸೆಪ್ಟೆಂಬರಿನಲ್ಲೇ ಬಂದಿತ್ತಂತೆ, ಪಕ್ಕದ ಮನೆಯವರು ಆಮೇಲೆ ಹೇಳಿದರು. ನಾವು ಮಲಗುವುದು ಮುಂದಿನ ರೂಮಿನಲ್ಲಿ. ಹಿಂದಿನದು ಅಲ್ಲಿಯವರೆಗೆ ಸೂಟ್‌ಕೇಸುಗಳ ರೂಮು. ಸೂಟ್‌ಕೇಸು ನಿದ್ದೆ ಬರಲಿಲ್ಲ ಅಂತ ದೂರುತ್ತದೆಯೇ?

ಆಮೇಲೆ ಗಮನ ಕೊಟ್ಟು ನೋಡಿದರೆ ನಮ್ಮ ಮನೆಯ ಮೇಲೆ ಮೂರು ಕಡೆಯಿಂದ ಬೆಳಕು ಬೀಳುತ್ತಿತ್ತು. ಹಿಂದುಗಡೆ ಸ್ಕ್ಯಾಫೋಲ್ಡಿಂಗ್ ಕಂಪನಿಯ ಯಾರ್ಡು, ಅಂದರೆ ಕಟ್ಟಡಕ್ಕೆ ಸಾರುವೆ ಕಟ್ಟುವ ಕಬ್ಬಿಣದ ಪೈಪುಗಳನ್ನು ಪೇರಿಸಿಡುವ ಜಾಗ. ಅಲ್ಲಿ ಎತ್ತರದ ಕಂಬದ ಮೇಲೆ ನಾಲ್ಕು ಎಲ್‌ಇಡಿ ಫ್ಲಡ್‌ಲೈಟು. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಬಸ್ ಡಿಪೋ, ಅದರದೊಂದು ಎತ್ತರದ ದೀಪ. ಮುಂದುಗಡೆ ಬೀದಿಯ ಕಂಬ. ಮೂರೂ ಬೆಳಕೇ, ಆದರೆ ಕಾನೂನಿನ ಕಣ್ಣಿಗೆ ಮೂರೂ ಬೇರೆ ಬೇರೆ ಅನ್ನುವುದನ್ನು ಕಲಿಯಲು ನನಗೆ ಐದು ತಿಂಗಳು ಹಿಡಿಯಿತು.

ಹಾಸನದಲ್ಲಾಗಿದ್ದರೆ ಅಮ್ಮ ಕಾಂಪೌಂಡಿನ ಪಕ್ಕ ನಿಂತು "ಏನಪ್ಪಾ, ನಿಮ್ಮ ಲೈಟು ನಮ್ಮ ಮುಖಕ್ಕೇ ಹೊಡೀತಿದೆ" ಅಂತ ಒಂದು ಕೂಗು ಹಾಕುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲವೇ ಲೈನ್‌ಮನ್ ಬಂದಾಗ ಕಾಫಿ ಕೊಟ್ಟು ಹೇಳುತ್ತಿದ್ದಳು. "ಹೋಗಿ ಹೇಳೋಣ ನಡಿ" ಅಂತ ಇಲ್ಲೂ ಮೊದಲ ದಿನವೇ ಚಪ್ಪಲಿ ಮೆಟ್ಟಿದ್ದಳು. ನಾನೇ ತಡೆದೆ. ಇಲ್ಲಿ ಹಾಗೆಲ್ಲ ಹೋಗಬಾರದು, ಪತ್ರ ಬರೆಯಬೇಕು ಅಂತ ಬುದ್ಧಿ ಹೇಳಿದೆ. ಹನ್ನೊಂದು ವರ್ಷ ಈ ದೇಶದಲ್ಲಿದ್ದು ಕಲಿತ ಸಭ್ಯತೆ ಅದು. ಅದರಿಂದಾಗಿ ಅಮ್ಮ ನಾಲ್ಕು ತಿಂಗಳು ನಿದ್ದೆಗೆಟ್ಟಳು ಅನ್ನುವುದನ್ನು ಈಗ ಒಪ್ಪಿಕೊಳ್ಳಲೇಬೇಕು.

ಪತ್ರ ಬರೆದೆ. ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತದವರೂ ಮೊದಲು ಅವರ ಜೊತೆ ಮಾತಾಡಿ, ಆಗಲಿಲ್ಲವೆಂದರೆ ನಮ್ಮ ಹತ್ತಿರ ಬನ್ನಿ ಅನ್ನುತ್ತಾರೆ. ಯಾರ್ಡಿನ ಗೇಟಿಗೆ ನೇತುಹಾಕಿದ್ದ ಡಬ್ಬಿಗೆ ಪತ್ರ ಹಾಕಿ ಬಂದು ಹತ್ತು ದಿನ ಕಾದೆ. ಉತ್ತರವಿಲ್ಲ. ಅಷ್ಟರಲ್ಲಿ ಅಕ್ಟೋಬರ್ 30ಕ್ಕೆ, ಚಳಿಗಾಲಕ್ಕೆಂದು ಈ ದೇಶದಲ್ಲಿ ಪ್ರತಿವರ್ಷ ಮಾಡುವ ಹಾಗೆ, ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಅಂದರೆ ಯಾರ್ಡಿನಲ್ಲಿ ನಾಲ್ಕೂವರೆಗೇ ಬೆಳಗು. ಕಾರ್ತಿಕ ಹುಣ್ಣಿಮೆಯ ದಿನ ಅಮ್ಮ ಚಂದ್ರನನ್ನು ನೋಡಲು ಕಾಲ್ನಡಿಗೆಯಲ್ಲಿ ಪಾರ್ಕಿನವರೆಗೆ ಹೋಗಿ ಬಂದಳು.

ಕಾನೂನು ಹುಡುಕಿದ್ದು ನನ್ನ ಗಂಡ. ಇಂಗ್ಲೆಂಡಿನಲ್ಲಿ 1990ರ ಪರಿಸರ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ. ಹೊಗೆ, ವಾಸನೆ, ಧೂಳು, ಗದ್ದಲ ಇಂಥವನ್ನು ಅದು 'ಸ್ಟ್ಯಾಚುಟರಿ ನ್ಯೂಸೆನ್ಸ್' ಅನ್ನುತ್ತದೆ, ಅಂದರೆ ಕಾನೂನೇ ಹೆಸರಿಟ್ಟು ಗುರುತಿಸಿದ ಕಾಟ. ಬೆಳಕು ಆ ಪಟ್ಟಿಗೆ ಸೇರಿದ್ದು ತೀರ ತಡವಾಗಿ. 2005ರಲ್ಲಿ ಮಾಡಿದ ಇನ್ನೊಂದು ಕಾಯ್ದೆಯ ಮೂಲಕ, 2006ರ ಏಪ್ರಿಲ್ 6ರಿಂದ. ಯಾವುದೇ ಜಾಗದಿಂದ ಹೊಮ್ಮುವ ಕೃತಕ ಬೆಳಕು ಆರೋಗ್ಯಕ್ಕೆ ಹಾನಿಯಾಗುವಂತಿದ್ದರೆ ಅಥವಾ ಕಾಟವಾಗುವಂತಿದ್ದರೆ ಸ್ಥಳೀಯ ಕೌನ್ಸಿಲ್ ಅದನ್ನು ತನಿಖೆ ಮಾಡಬೇಕು, ಹೌದು ಅಂತ ಮನವರಿಕೆಯಾದರೆ ನಿಲ್ಲಿಸಲು ನೋಟಿಸ್ ಕೊಡಬೇಕು. 'ಕೊಡಬಹುದು' ಅಲ್ಲ, 'ಕೊಡಬೇಕು'. ಆ ಒಂದು ಪದ ಓದಿ ನಾನು ಗೆದ್ದೇಬಿಟ್ಟೆ ಅಂದುಕೊಂಡೆ.

ತಮಾಷೆಯೆಂದರೆ ಬೆಳಕು ಬೇಕು ಅನ್ನುವ ಹಕ್ಕು ಈ ದೇಶದಲ್ಲಿ ಬಹಳ ಹಳೆಯದು. 1832ರ ಒಂದು ಕಾಯ್ದೆಯ ಪ್ರಕಾರ ಒಂದು ಕಿಟಕಿಗೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಬೆಳಕು ಬಂದಿದ್ದರೆ, ಆಮೇಲೆ ಎದುರು ಕಟ್ಟಡ ಎಬ್ಬಿಸಿ ಅದನ್ನು ತಡೆಯುವ ಹಾಗಿಲ್ಲ. ನಡು ಲಂಡನ್ನಿನ ಹಳೆಯ ಗಲ್ಲಿಗಳಲ್ಲಿ ಕೆಲವು ಕಿಟಕಿಗಳ ಕೆಳಗೆ 'ಏನ್ಷಂಟ್ ಲೈಟ್ಸ್', ಅಂದರೆ 'ಹಳೆಯ ಬೆಳಕು', ಅಂತ ಬೋರ್ಡು ಈಗಲೂ ಇದೆ. ಅಮ್ಮನನ್ನು ಸುತ್ತಾಡಿಸಲು ಕರೆದುಕೊಂಡು ಹೋದಾಗ ಅಂಥದ್ದೊಂದನ್ನು ತೋರಿಸಿ ವಿವರಿಸಿದೆ. "ನಮ್ಮ ಬೇಲಿಗೆ ಕತ್ತಲೆ ಅಂತ ಒಂದು ಬೋರ್ಡು ಬರೆಸಿ ಹಾಕು" ಅಂದಳು.

ಕೌನ್ಸಿಲ್ ಅಂದರೆ ಇಡೀ ಲಂಡನ್ನಿಗೆ ಒಂದಲ್ಲ. ನಗರದಲ್ಲಿ 32 ಬರೋಗಳಿವೆ, ಅಂದರೆ ತಮ್ಮದೇ ಕೌನ್ಸಿಲ್ ಇರುವ ವಿಭಾಗಗಳು, ಅವುಗಳ ಜೊತೆಗೆ ಹಳೆಯ ಸಿಟಿ ಆಫ್ ಲಂಡನ್ ಬೇರೆ. ಬೆಳಕಿನ ದೂರು ಹೋಗುವುದು ಆಯಾ ಬರೋದ ಪರಿಸರ ಆರೋಗ್ಯ ವಿಭಾಗಕ್ಕೆ. ನಮ್ಮ ಬರೋದ ಹೆಸರು ಇಲ್ಲಿ ಬೇಡ. ನವೆಂಬರ್ ಮಧ್ಯದಲ್ಲಿ ಆನ್‌ಲೈನ್ ಫಾರ್ಮ್ ತುಂಬಿದೆ. ಯಾವ ಬಗೆಯ ಕಾಟ ಅನ್ನುವ ಕಡೆ ನಾಯಿ ಬೊಗಳುವುದು, ಪಾರ್ಟಿ, ಅಲಾರಂ, ಹಿತ್ತಿಲಲ್ಲಿ ಹಾಕುವ ಬೆಂಕಿ ಎಲ್ಲ ದಾಟಿ ತೀರ ಕೆಳಗೆ 'ಕೃತಕ ಬೆಳಕು' ಸಿಕ್ಕಿತು. ಒತ್ತಿದ ತಕ್ಷಣ ಒಂದು ನಂಬರು ಬಂತು. ಮೂರನೆಯ ದಿನ ಇಮೇಲ್‌ನಲ್ಲಿ ಆರು ಹಾಳೆಯ ಖಾಲಿ ಡೈರಿ ಬಂತು.

ಈ ಡೈರಿಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಇಡೀ ವ್ಯವಹಾರದ ಜೀವ ಇರುವುದೇ ಅದರಲ್ಲಿ. ಎರಡು ವಾರ, ದಿನವೂ, ಬೆಳಕು ಶುರುವಾದ ಹೊತ್ತು, ನಿಂತ ಹೊತ್ತು, ಮನೆಯ ಯಾವ ಭಾಗಕ್ಕೆ ಬೀಳುತ್ತದೆ, ಅದರಿಂದ ನಿಮಗೆ ಏನಾಯಿತು, ಇಷ್ಟನ್ನೂ ಬರೆಯಬೇಕು. ಕೊನೆಯ ಕಾಲಮ್ಮಿನದೇ ಕಷ್ಟ. 'ತುಂಬಾ ತೊಂದರೆಯಾಯಿತು' ಅಂತ ಬರೆದರೆ ಅದಕ್ಕೆ ಬೆಲೆಯಿಲ್ಲ. ಎರಡೂ ಹತ್ತಕ್ಕೆ ಎಚ್ಚರವಾಯಿತು, ಮೂರೂವರೆಯವರೆಗೆ ನಿದ್ದೆ ಬರಲಿಲ್ಲ ಅಂತ ಬರೆಯಬೇಕು. ಎಚ್ಚರವಾಗುತ್ತಿದ್ದವಳು ಅಮ್ಮ, ಆದ್ದರಿಂದ ಬರೆಯುವವಳೂ ಅವಳೇ ಆದಳು. ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಹಿಂಭಾಗದಲ್ಲಿ, ಕನ್ನಡ ಅಂಕಿಯಲ್ಲಿ, ಪೆನ್ಸಿಲ್ಲಿನಲ್ಲಿ. ಬೆಳಿಗ್ಗೆ ನಾನು ಅದನ್ನು ಇಂಗ್ಲಿಷಿಗೆ ಇಳಿಸುತ್ತಿದ್ದೆ.

ಅವಳ ಬರವಣಿಗೆ ನನಗಿಂತ ಚೆನ್ನಾಗಿತ್ತು. "ಗಂಟೆ ೧೧. ಸೀರೆಯ ಬಣ್ಣ ಗುರುತಿಸಬಹುದು, ಲೈಟ್ ಹಾಕದೆ." "ಗಂಟೆ ೨. ಹಕ್ಕಿ ಹಾಡುತ್ತಿದೆ. ಇದಕ್ಕೂ ನಿದ್ದೆ ಇಲ್ಲ." ಅದು ರಾಬಿನ್. ಇಲ್ಲಿ ಚಳಿಗಾಲದಲ್ಲೂ ಹಾಡುವ ಹಕ್ಕಿ, ಬೀದಿದೀಪ ಇರುವ ಕಡೆ ನಡುರಾತ್ರಿ ಹಾಡುವುದಕ್ಕೆ ಹೆಸರಾಗಿದೆ. ನಾನು ಹಕ್ಕಿಯ ಸಾಲನ್ನು ಬಿಟ್ಟು ಉಳಿದದ್ದನ್ನು ಇಂಗ್ಲಿಷಿಗೆ ತಂದೆ. ಅಮ್ಮನಿಗೆ ಗೊತ್ತಾಗಿ "ಅದನ್ನ್ಯಾಕೆ ಬಿಟ್ಟೆ? ಸಾಕ್ಷಿ ಅಲ್ವಾ?" ಅಂತ ಮತ್ತೆ ಸೇರಿಸಿದಳು. ಡಿಸೆಂಬರ್ 11ರ ರಾತ್ರಿ ಲಂಡನ್ನಿನಲ್ಲಿ ಹಿಮ ಬಿತ್ತು. ಜೀವನದಲ್ಲಿ ಮೊದಲ ಸಲ ಹಿಮ ನೋಡಿದವಳು ಅವತ್ತಿನ ಸಾಲಿನಲ್ಲಿ ಬರೆದದ್ದು: "ನೆಲವೂ ಬೆಳಕು ಕೊಡುತ್ತಿದೆ. ಎರಡು ಪಟ್ಟು." ನಿಜ, ಹಿತ್ತಿಲ ಹುಲ್ಲೆಲ್ಲ ಬೆಳ್ಳಗಾಗಿ ಯಾರ್ಡಿನ ಬೆಳಕು ನೆಲದಿಂದ ಪುಟಿದು ರೂಮಿನ ಸೀಲಿಂಗಿಗೆ ಹೊಡೆಯುತ್ತಿತ್ತು.

ಎರಡು ವಾರ ಮುಗಿಯುವಷ್ಟರಲ್ಲಿ ಇನ್ನೊಂದು ಸಂಗತಿ ಡೈರಿಯಿಂದಲೇ ಗೊತ್ತಾಯಿತು. ಬಸ್ ಡಿಪೋದ ಬೆಳಕು ಎಲ್ಲ ದಿನವೂ ಒಂದೇ ಥರ, ಮುಸ್ಸಂಜೆಯಿಂದ ಬೆಳಗಿನವರೆಗೆ. ಯಾರ್ಡಿನದು ಮಾತ್ರ ಶನಿವಾರ, ಭಾನುವಾರವೂ, ಅಲ್ಲಿ ನರಪಿಳ್ಳೆ ಇಲ್ಲದಾಗಲೂ ಉರಿಯುತ್ತಿತ್ತು. ಯಾರಿಗಾಗಿ?

ಈ ನಡುವೆ ನನ್ನ ಗಂಡ ಫೋನಿಗೆ ಲಕ್ಸ್, ಅಂದರೆ ಮೇಲೆ ಬೀಳುವ ಬೆಳಕಿನ ಪ್ರಮಾಣ, ಅಳೆಯುವ ಆ್ಯಪ್ ಹಾಕಿಕೊಂಡು ಕಿಟಕಿಗೆ ಹಿಡಿಯುತ್ತಿದ್ದರು. ಒಮ್ಮೆ 9, ಒಮ್ಮೆ 14, ಫೋನು ಸ್ವಲ್ಪ ಓರೆಯಾದರೆ 4. ಅದನ್ನೂ ಕಳಿಸಿದೆವು. ಆ್ಯಪ್‌ನ ಅಂಕಿ ಲೆಕ್ಕಕ್ಕಿಲ್ಲ ಅಂತ ಎರಡೇ ಸಾಲಿನ ಉತ್ತರ ಬಂತು.

ಕ್ರಿಸ್ಮಸ್ ರಜೆ, ಅಂಚೆಯವರ ಮುಷ್ಕರ, ಹೊಸ ವರ್ಷ. ಜನವರಿ ಕೊನೆಗೆ ಫೋನ್ ಬಂತು, ಅಧಿಕಾರಿ ರಾತ್ರಿ ಹತ್ತೂಮುಕ್ಕಾಲಿಗೆ ಬರುತ್ತಾರೆ ಅಂತ. ಐವತ್ತರ ಆಸುಪಾಸಿನ ಹೆಂಗಸು, ಹಳದಿ ಜಾಕೆಟ್ಟು, ಹೆಗಲಿಗೊಂದು ಪೆಟ್ಟಿಗೆ. ಬಂದವರೇ ಹಿಂದಿನ ರೂಮಿನ ಲೈಟ್ ಆರಿಸಿ, ಕುರ್ಚಿ ಎಳೆದುಕೊಂಡು ಸುಮ್ಮನೆ ಕೂತರು. ಇಪ್ಪತ್ತು ನಿಮಿಷ. ಕಣ್ಣು ಹೊಂದಿಕೊಳ್ಳಬೇಕು, ಅಂತ ಒಮ್ಮೆ ಹೇಳಿದ್ದಷ್ಟೆ. ಕೆಳಗೆ ಅಮ್ಮ ಕಾಫಿ ಸೋಸಿ ಕಾಯುತ್ತಿದ್ದಳು. ಮೇಲೆ ನಾನು ಮದುವೆಗೆ ಹೆಣ್ಣು ನೋಡಲು ಬಂದವರ ಮುಂದೆ ನಿಂತ ಹಾಗೆ ನಿಂತಿದ್ದೆ. ಪರದೆ ಹಾಕಿ ನೋಡಿದರು, ತೆಗೆದು ನೋಡಿದರು. ಹನ್ನೊಂದು ದಾಟಿದ ಮೇಲೆ ಪೆಟ್ಟಿಗೆಯಿಂದ ಮೀಟರ್ ತೆಗೆದು ಕಿಟಕಿಯ ಗಾಜಿಗೆ ನೇರವಾಗಿ ಹಿಡಿದರು. 6 ಲಕ್ಸ್.

ಅದರ ಅರ್ಥವೇನು ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ನನ್ನ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು. ಕಾಯ್ದೆಯಲ್ಲಿ ಇಷ್ಟು ಲಕ್ಸ್ ಮೀರಿದರೆ ತಪ್ಪು ಅನ್ನುವ ಅಂಕಿಯೇ ಇಲ್ಲ. ಬೆಳಕಿನ ಎಂಜಿನಿಯರುಗಳ ಸಂಸ್ಥೆಯೊಂದು, ಇನ್‌ಸ್ಟಿಟ್ಯೂಷನ್ ಆಫ್ ಲೈಟಿಂಗ್ ಪ್ರೊಫೆಷನಲ್ಸ್, ಮಾರ್ಗಸೂಚಿ ಕೊಟ್ಟಿದೆ. ಊರನ್ನು ಕತ್ತಲೆಯ ಮಟ್ಟದ ಮೇಲೆ ವಲಯಗಳಾಗಿ ಹಂಚಿದೆ. ನಮ್ಮಂಥ ಬಡಾವಣೆ ಇ3. ಅಲ್ಲಿ ಕಿಟಕಿಯ ಮೇಲೆ ಬೀಳುವ ಬೆಳಕು ರಾತ್ರಿಯ ಕರ್ಫ್ಯೂ ಹೊತ್ತಿಗೆ ಮುಂಚೆ 10 ಲಕ್ಸ್, ಆಮೇಲೆ 2 ಲಕ್ಸ್ ದಾಟದಿದ್ದರೆ ಒಳ್ಳೆಯದು. ನಗರದ ನಡುಮಧ್ಯ ಇ4, ಅಲ್ಲಿ 25 ಮತ್ತು 5. ಕರ್ಫ್ಯೂ ಅಂದರೆ ಸಾಮಾನ್ಯವಾಗಿ ರಾತ್ರಿ ಹನ್ನೊಂದು. ಇದು ಹೊಸ ದೀಪ ಹಾಕುವವರಿಗೆ ಹೇಳಿದ ಮಾತು, ಕಾಟವೋ ಅಲ್ಲವೋ ಅಂತ ತೀರ್ಮಾನಿಸುವ ತಕ್ಕಡಿ ಅಲ್ಲ. ತೀರ್ಮಾನ ಅಧಿಕಾರಿಯದು: ಎಷ್ಟು ಹೊತ್ತು, ಎಷ್ಟು ಸಲ, ಎಷ್ಟು ಪ್ರಖರ, ಸಾಧಾರಣ ಮನುಷ್ಯನೊಬ್ಬನ ಬದುಕಿಗೆ ಅದರಿಂದ ಎಷ್ಟು ಅಡ್ಡಿ. "ಸಾಧಾರಣ ಮನುಷ್ಯ" ಅನ್ನುವುದು ಮುಖ್ಯ. ನಿದ್ದೆ ತೀರ ಸೂಕ್ಷ್ಮ ಅಂದರೆ ಅದು ನಿಮ್ಮ ಪಾಡು.

ಆರು ಲಕ್ಸ್ ಅಂದರೆ ಎಷ್ಟು ಅಂತ ಆಮೇಲೆ ನಾನೇ ಹೋಲಿಸಿ ನೋಡಿದೆ. ಹುಣ್ಣಿಮೆಯ ಬೆಳದಿಂಗಳು ಚೆನ್ನಾಗಿ ಹರಡಿದಾಗ ಹೆಚ್ಚೆಂದರೆ ಕಾಲು ಲಕ್ಸ್ ಆಸುಪಾಸು. ಅಂದರೆ ಅಮ್ಮನ ಕಿಟಕಿಗೆ ಇಪ್ಪತ್ತಕ್ಕೂ ಹೆಚ್ಚು ಚಂದ್ರರು, ತಿಂಗಳ ಮೂವತ್ತೂ ದಿನ.

ಕಾಫಿ ಕುಡಿಯುತ್ತಾ ಆ ಅಧಿಕಾರಿ ಎರಡು ಕೆಟ್ಟ ಸುದ್ದಿ ಹೇಳಿದರು. ಮೊದಲನೆಯದು, ಬಸ್ ಡಿಪೋದ ದೀಪವನ್ನು ಅವರು ಮುಟ್ಟುವ ಹಾಗೇ ಇಲ್ಲ. ವಿಮಾನ ನಿಲ್ದಾಣ, ಬಂದರು, ರೈಲ್ವೆ, ಟ್ರಾಮು, ಬಸ್ ನಿಲ್ದಾಣ, ಬಸ್ ಡಿಪೋ, ಸರಕು ಲಾರಿಗಳ ಡಿಪೋ, ಲೈಟ್‌ಹೌಸ್, ಜೈಲು, ಸೇನೆಯ ಜಾಗ ಇವನ್ನೆಲ್ಲ ಕಾಯ್ದೆ ಹೊರಗಿಟ್ಟಿದೆ. ಕೆಲಸಕ್ಕೆ ಮತ್ತು ಸುರಕ್ಷತೆಗೆ ಬೆಳಕು ಬೇಕೇಬೇಕು ಅನ್ನುವ ಜಾಗಗಳು. ಲೈಟ್‌ಹೌಸ್ ಸರಿ, ಅದರ ಮೇಲೆ ದೂರು ಕೊಡುವವರೂ ಇದ್ದಾರೆಯೇ ಅಂತ ನಗು ಬಂತು. ಎರಡನೆಯ ಸುದ್ದಿ ಕೇಳಿ ನಗು ನಿಂತಿತು. "ಯಾರ್ಡಿನವರು ದೊಡ್ಡ ಲಾರಿ ಇಟ್ಟುಕೊಂಡಿದ್ದಾರಾ?" ಅಂತ ಕೇಳಿದರು. ಮೂರೂವರೆ ಟನ್ ದಾಟಿದ ಲಾರಿಗಳಿಗೆ ಇಲ್ಲಿ ಬೇರೆ ಲೈಸೆನ್ಸ್, ಅವು ರಾತ್ರಿ ನಿಲ್ಲುವ ಜಾಗವೂ ಅದರಲ್ಲಿ ನಮೂದಾಗಿರಬೇಕು. ನಮ್ಮ ಹಿಂದಿನ ಯಾರ್ಡು ಹಾಗೆ ನಮೂದಾಗಿದ್ದರೆ ಅದೂ ಲಾರಿ ಡಿಪೋ ಅನ್ನಿಸಿಕೊಂಡು ಕಾನೂನಿನ ಆಚೆ ಹೋಗುತ್ತದೆ!

ಅಂದರೆ ಅಮ್ಮನ ನಿದ್ದೆ ಆ ಲಾರಿಗಳ ತೂಕದ ಮೇಲೆ ನಿಂತಿತ್ತು. ಒಂದು ವಾರ ನಾನು ಅಡುಗೆಮನೆ ಕಿಟಕಿಯಿಂದ ಬರುವ ಹೋಗುವ ಗಾಡಿಗಳನ್ನು ಎಣಿಸಿದೆ. ಕೊನೆಗೆ ಅಧಿಕಾರಿಯೇ ದಾಖಲೆ ನೋಡಿ ಇಮೇಲ್ ಮಾಡಿದರು. ಕಂಪನಿಯ ದೊಡ್ಡ ಲಾರಿಗಳೆಲ್ಲ ನಗರದ ಹೊರಗಿನ ಇನ್ನೊಂದು ವಿಳಾಸದಲ್ಲಿ ನಮೂದಾಗಿವೆ, ಇಲ್ಲಿ ನಿಲ್ಲುವುದು ಚಿಕ್ಕ ಗಾಡಿಗಳು ಮಾತ್ರ, ಆದ್ದರಿಂದ ದೂರು ನಡೆಯುತ್ತದೆ.

ಆದರೂ ವ್ಯಾಪಾರದ ಜಾಗವಾದ್ದರಿಂದ ಅವರಿಗೊಂದು ಗುರಾಣಿ ಇದೆ. ಬೆಳಕು ತಗ್ಗಿಸಲು ತಮ್ಮ ಕೈಲಾದ, ಕಾರ್ಯಸಾಧ್ಯವಾದ ಎಲ್ಲವನ್ನೂ ಮಾಡಿದ್ದೇವೆ ಅಂತ ತೋರಿಸಿದರೆ ನೋಟಿಸಿನ ವಿರುದ್ಧ ಅದೇ ಸಮರ್ಥನೆಯಾಗುತ್ತದೆ. ನೋಟಿಸ್ ಬಂದ 21 ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಮೇಲ್ಮನವಿ ಹಾಕಬಹುದು. ಕೌನ್ಸಿಲ್ ಏನೂ ಮಾಡದಿದ್ದರೆ ನಾನೂ ನೇರವಾಗಿ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು, ಅದಕ್ಕೂ ಯಾರ್ಡಿನವರಿಗೆ 21 ದಿನ ಮೊದಲು ಬರಹದಲ್ಲಿ ತಿಳಿಸಬೇಕು. ಇದೆಲ್ಲ ಓದಿ ನನಗೆ ಸುಸ್ತಾಯಿತು. ಅಧಿಕಾರಿ ಮೊದಲು ಸಾದಾ ಪತ್ರ ಬರೆದು ನೋಡುತ್ತೇನೆ ಅಂದರು.

ಬೀದಿದೀಪದ ಕತೆ ಇದರ ಮುಂದೆ ಏನೂ ಅಲ್ಲ. ರಸ್ತೆ ಕಾಯ್ದೆ ಹೇಳುವ 'ಜಾಗ'ದ (ಕಟ್ಟಡ, ಆವರಣಗಳ) ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಅದಕ್ಕೆ ಈ ಕಾಯ್ದೆ ಹೊಂದುವುದಿಲ್ಲ, ಕೌನ್ಸಿಲ್ಲಿನದೇ ಬೀದಿದೀಪ ವಿಭಾಗಕ್ಕೆ ಬರೆಯಿರಿ ಅಂದರು. ಬರೆದೆ. ಕಂಬದ ಮೇಲಿನ ಸಂಖ್ಯೆ ಕೇಳಿದರು, ಕೊಟ್ಟೆ. ಮೂರು ವಾರಕ್ಕೆ ಏಣಿಗಾಡಿ ಬಂದು ದೀಪದ ಹಿಂಬದಿಗೆ ಕಪ್ಪು ಮರೆ ಸಿಕ್ಕಿಸಿ ಹೋಯಿತು. ರಸ್ತೆಗೆ ಮೊದಲಿನಷ್ಟೇ ಬೆಳಕು, ನಮ್ಮ ಮುಂದಿನ ಕಿಟಕಿ ಕತ್ತಲು. ಹತ್ತು ನಿಮಿಷದ ಕೆಲಸ. ಹೀಗೆ ಕೇಳಬಹುದು ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ ಅಂತ ನನ್ನ ಗಂಡ ಕೈ ಹಿಸುಕಿಕೊಂಡರು. ಅಂಚಿಗೆ ಕೆಂಪು ಗೆರೆ ಎಳೆದ ದೊಡ್ಡ ಮುಖ್ಯರಸ್ತೆಯಾಗಿದ್ದರೆ ಇದನ್ನು ಬರೋ ಬಿಟ್ಟು ನಗರದ ಸಾರಿಗೆ ಸಂಸ್ಥೆಗೆ ಬರೆಯಬೇಕಿತ್ತಂತೆ.

ಬೆಂಗಳೂರಿನ ವಿಜಯನಗರದಲ್ಲಿರುವ ನನ್ನ ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವಳು ನಗುತ್ತಲೇ ಇದ್ದಳು. ಅವಳ ಎದುರು ಕಲ್ಯಾಣಮಂಟಪವಿದೆ, ಸೀಸನ್ನಿನಲ್ಲಿ ಅದರ ಸೀರಿಯಲ್ ಸೆಟ್ಟು ಬೆಳಗಿನವರೆಗೆ ಅವಳ ಗೋಡೆಯ ಮೇಲೆ ಕೆಂಪು ಹಸಿರು ಓಡುತ್ತದೆ. 1905ರ ಆಗಸ್ಟ್ 5ರಂದು ಶಿವನಸಮುದ್ರದ ಕರೆಂಟಿನಿಂದ ಸಿಟಿ ಮಾರ್ಕೆಟ್ಟಿನ ಹತ್ತಿರ ಬೀದಿದೀಪ ಹೊತ್ತಿದ್ದನ್ನು ನಾವು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬೆಳಕು ಹೆಚ್ಚಾಯಿತು ಅನ್ನುವ ದೂರನ್ನು ಎಲ್ಲಿ ಕೊಡಬೇಕು ಅನ್ನುವುದಕ್ಕೆ ಮಾತ್ರ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಸಾರ್ವಜನಿಕ ಉಪದ್ರವದ ಹಳೆಯ ಕಲಮುಗಳಡಿ ಹೇಗೋ ತೂರಿಸಬೇಕು. ಆದರೆ ಅದೇ ಡಿಸೆಂಬರಿನಲ್ಲಿ ಲಡಾಖಿನ ಹಾನ್ಲೆಯನ್ನು ಕತ್ತಲೆ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಿದ ಸುದ್ದಿ ಬಂತು. ಅಲ್ಲಿನ ದೂರದರ್ಶಕವನ್ನು ನಡೆಸುವವರು ಬೆಂಗಳೂರಿನ ಕೋರಮಂಗಲದ ಭಾರತೀಯ ತಾರಾಭೌತ ಸಂಸ್ಥೆಯವರೇ. ಆ ಸುದ್ದಿ ಓದಿ ಹೇಳಿದ್ದಕ್ಕೆ ತಂಗಿ, "ಹಂಗಾದ್ರೆ ನಿದ್ದೆ ಮಾಡಕ್ಕೆ ಲಡಾಖಿಗೆ ಹೋಗ್ಬೇಕು ಅನ್ನು" ಅಂದಳು.

ಫೆಬ್ರವರಿ ಎರಡನೆಯ ಶನಿವಾರ ಬಾಗಿಲು ಬಡಿಯಿತು. ನೋಡಿದರೆ ಯಾರ್ಡಿನ ಮ್ಯಾನೇಜರು, ಕೈಯಲ್ಲಿ ಕೌನ್ಸಿಲ್ ಪತ್ರ. ಜಗಳಕ್ಕೆ ಬಂದರೇನೋ ಅಂತ ಎದೆ ಡವಗುಟ್ಟಿತು. ಆತ ಮೊದಲು ಕೇಳಿದ್ದು, "ನೀವು ನನಗೇ ಬಂದು ಹೇಳಬಹುದಿತ್ತಲ್ಲಾ?" ಪತ್ರ ಹಾಕಿದ್ದೆ ಅಂದೆ. ಗೇಟಿನ ಡಬ್ಬಿಯಾ, ಅದು ಹಿಂದಿದ್ದ ಟೈರ್ ಅಂಗಡಿಯವರದು, ಬೀಗದ ಕೈಯೂ ನಮ್ಮ ಹತ್ತಿರ ಇಲ್ಲ ಅಂದರು. ನನ್ನ ಮುಖ ನೋಡಬೇಕಿತ್ತು. ಹಿಂದೆ ಅಮ್ಮ ನಿಂತಿದ್ದಳು. ಇಂಗ್ಲಿಷು ಅಷ್ಟಾಗಿ ಬಾರದಿದ್ದರೂ ಆ ಮಾತು ಅವಳಿಗೆ ಪೂರ್ತಿ ಅರ್ಥವಾಗಿತ್ತು. ಏನೂ ಹೇಳಲಿಲ್ಲ. ಆದರೆ ಒಮ್ಮೆ ಚಪ್ಪಲಿ ಸ್ಟ್ಯಾಂಡಿನ ಕಡೆ, ಒಮ್ಮೆ ನನ್ನ ಕಡೆ ನೋಡಿದಳು.

ಅವರನ್ನು ಮೇಲಿನ ರೂಮಿಗೆ ಕರೆದುಕೊಂಡು ಹೋದೆವು. ಹಗಲಾಗಿದ್ದರಿಂದ ಬೆಳಕು ಕಾಣಲಿಲ್ಲ, ದೀಪಗಳು ಮಾತ್ರ ಕಂಡವು, ನಾಲ್ಕೂ ನೆಟ್ಟಗೆ ನಮ್ಮ ಕಿಟಕಿಯನ್ನೇ ನೋಡುತ್ತಿದ್ದವು. ಆಗಸ್ಟಿನಲ್ಲಿ ಪೈಪು ಕಳವಾಗಿತ್ತಂತೆ, ಇನ್ಶೂರೆನ್ಸಿನವರು ಬೆಳಕು ಹಾಕಿಸಿ ಅಂದರಂತೆ, ಕಂಟ್ರಾಕ್ಟರ್ ಬಂದು ಹಾಕಿ ಹೋದನಂತೆ. ರಾತ್ರಿಯಿಡೀ ಉರಿಯುತ್ತದೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ, ಐದು ಗಂಟೆಗೆ ಮನೆಗೆ ಹೋಗುವವರು. ನನ್ನ ಗಂಡ ಆ ಹೊತ್ತಿಗೆ ಸರಿಯಾಗಿ ಲೆಕ್ಕ ತೆಗೆದರು. ಒಂದೊಂದು 200 ವ್ಯಾಟ್, ನಾಲ್ಕು ಸೇರಿ ಗಂಟೆಗೆ 0.8 ಯೂನಿಟ್. ಚಳಿಗಾಲದ ರಾತ್ರಿ ಹದಿನಾಲ್ಕು ಗಂಟೆ ಅಂದರೆ 11 ಯೂನಿಟ್. ಆ ಚಳಿಗಾಲ ಇಲ್ಲಿ ಕರೆಂಟಿನ ಬೆಲೆ ಗಗನಕ್ಕೇರಿತ್ತು, ಮನೆಗಳಿಗೆ ಯೂನಿಟ್ಟಿಗೆ 34 ಪೆನ್ಸ್. ಮನೆಯ ದರದಲ್ಲೇ ಹಾಕಿದರೂ ತಿಂಗಳಿಗೆ ನೂರು ಪೌಂಡ್ ದಾಟುತ್ತದೆ. ಮ್ಯಾನೇಜರ್ ತುಟಿ ಕಚ್ಚಿಕೊಂಡರು. ಇಡೀ ಪ್ರಕರಣದಲ್ಲಿ ಕಾಯ್ದೆಗಿಂತ ಜೋರಾಗಿ ಕೆಲಸ ಮಾಡಿದ್ದು ಆ ಗುಣಾಕಾರ ಅಂತ ನನ್ನ ಗುಮಾನಿ. ಆದರೆ ಕೌನ್ಸಿಲ್ಲಿನ ಪತ್ರ ಇಲ್ಲದಿದ್ದರೆ ಅವರು ನಮ್ಮ ಬಾಗಿಲಿಗೆ ಬರುತ್ತಲೂ ಇರಲಿಲ್ಲ.

ಮಾರ್ಚ್ ಮೊದಲ ವಾರ ಇಬ್ಬರು ಏಣಿ ಹಾಕಿ ಹತ್ತಿದರು. ಹೊಸ ದೀಪ ಬೇಕಾಗಲೇ ಇಲ್ಲ. ಮೇಲ್ಮುಖವಾಗಿದ್ದ ನಾಲ್ಕನ್ನೂ ಸ್ಪ್ಯಾನರ್ ಹಾಕಿ ಸಡಿಲಿಸಿ ಕೆಳಕ್ಕೆ ಬಗ್ಗಿಸಿದರು. ಬೆಳಕಿನ ಮುಖ್ಯ ಧಾರೆ ನೇರ ಕೆಳಗಿನ ಗೆರೆಯಿಂದ 70 ಡಿಗ್ರಿಯ ಒಳಗಿರಬೇಕು ಅಂತ ಅಧಿಕಾರಿ ಪತ್ರದಲ್ಲಿ ಬರೆದಿದ್ದರು, ಆ ಎಂಜಿನಿಯರುಗಳ ಸಂಸ್ಥೆಯ ಸಲಹೆಯೇ ಅದು. ಎರಡು ದೀಪಕ್ಕೆ ಚಲನೆ ಕಂಡಾಗ ಮಾತ್ರ ಹೊತ್ತುವ ಸೆನ್ಸರ್ ಹಾಕಿದರು, ಉಳಿದೆರಡು ಹತ್ತು ಗಂಟೆಗೆ ಆರುವ ಹಾಗೆ ಟೈಮರ್. ಮೊದಲ ಎರಡು ರಾತ್ರಿ ನರಿ ಓಡಾಡಿದಾಗೆಲ್ಲ ಸೆನ್ಸರ್ ದೀಪ ಝಗ್ ಅಂತ ಹೊತ್ತಿ, ಅಮ್ಮ ಮೊದಲಿಗಿಂತ ಹೆಚ್ಚು ಬೆಚ್ಚಿದಳು. ಈ ಸಲ ಅವಳೇ ಚಪ್ಪಲಿ ಮೆಟ್ಟಿಕೊಂಡು, ನನ್ನನ್ನು ಕರೆದುಕೊಂಡು, ಯಾರ್ಡಿನ ಗೇಟಿಗೆ ಹೋದಳು. ಮ್ಯಾನೇಜರ್ ಸೆನ್ಸರನ್ನು ಬೇಲಿಯಿಂದ ಗೇಟಿನ ಕಡೆ ತಿರುಗಿಸಿಕೊಟ್ಟರು. ಆ ಭೇಟಿ ಒಟ್ಟು ಆರು ನಿಮಿಷ.

ಅಧಿಕಾರಿ ಮತ್ತೊಮ್ಮೆ ರಾತ್ರಿ ಬಂದು ಮೀಟರ್ ಹಿಡಿದರು. 1 ಲಕ್ಸಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಎಷ್ಟು ಯಾರ್ಡಿನದು, ಎಷ್ಟು ಡಿಪೋದ್ದು ಅಂತ ಕೇಳಿದೆ. ಈಗ ಹೆಚ್ಚಿನದು ಡಿಪೋದ್ದೇ ಅಂದರು. ನೋಟಿಸ್ ಕೊಡುವ ಅಗತ್ಯ ಬೀಳಲಿಲ್ಲ, ಕಡತ ಮುಚ್ಚುತ್ತೇವೆ ಅಂತ ಇಮೇಲ್ ಬಂತು, ಅದರ ಕೆಳಗೆ ನಮ್ಮ ಸೇವೆಗೆ ಒಂದರಿಂದ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಅಂತ. ನಾಲ್ಕು ಕೊಟ್ಟೆ. ಡಿಪೋದವರಿಗೂ ಒಂದು ಪತ್ರ ಬರೆದೆ, ಕಾನೂನಿನ ಮಾತೆತ್ತದೆ, ಸುಮ್ಮನೆ ವಿನಂತಿ ಅಂತ. ನೋಡುತ್ತೇವೆ ಅಂತ ಉತ್ತರ ಬಂತು. ನೋಡುತ್ತಲೇ ಇದ್ದಾರೆ.

ಮಾರ್ಚ್ 22ಕ್ಕೆ ಯುಗಾದಿ. ಹಬ್ಬದ ಮಾರನೆಯ ಸಂಜೆ ಅಮ್ಮ ಚಂದ್ರದರ್ಶನ ಮಾಡಲೇಬೇಕು ಅಂತ ಹಿತ್ತಿಲಿಗೆ ಬಂದಳು. ದಿನವಿಡೀ ಮೋಡ. ಕತ್ತಲಾಗುವ ಹೊತ್ತಿಗೆ ಪಶ್ಚಿಮದಲ್ಲಿ ಸ್ವಲ್ಪ ಹರಿದು ಬಾಗಿದ ಗೆರೆಯೊಂದು ಕಂಡಿತು, ಅದರ ಸರಿಯಾಗಿ ಕೆಳಗೆ ಬಸ್ ಡಿಪೋದ ದೀಪ. ಅಮ್ಮ ಬಲಗೈ ಚಾಚಿ ಅಂಗೈಯಿಂದ ಆ ದೀಪವನ್ನು ಮುಚ್ಚಿಕೊಂಡು, ಮೇಲೆ ಚಂದ್ರನನ್ನು ನೋಡಿದಳು. "ಬಾ, ನೀನೂ ಹಿಂಗೇ ಕೈ ಹಿಡ್ಕೊಂಡು ನೋಡು" ಅಂದಳು.